ಬೀದಿ ಮೂಲೆಯ ಬ್ಯಾಂಕು ಇಷ್ಟೊಂದು ಪ್ರಶ್ನೆ ಕೇಳೋದು ಯಾಕೆ?

ಹೋದ ತಿಂಗಳು ಅತ್ತಿಗೆ ಎರಡು ಕಾಗದ ಹಿಡಿದುಕೊಂಡು ಮನೆಗೆ ಬಂದರು. ಒಂದು, ಅವರ ಮನೆ ಹತ್ತಿರದ ಸಹಕಾರ ಬ್ಯಾಂಕಿನ ಠೇವಣಿ ದರಪಟ್ಟಿ. ಅದರಲ್ಲಿ ಹಿರಿಯ ನಾಗರಿಕರಿಗೆ ಶೇ. 7.5 ಬಡ್ಡಿ. ಇನ್ನೊಂದು, ಪೇಪರ್ ಹುಡುಗ ಪತ್ರಿಕೆಯೊಳಗೆ ಸೇರಿಸಿ ಹಾಕಿಹೋದ ಬಣ್ಣದ ಕರಪತ್ರ. ಯಾವುದೋ ಪತ್ತಿನ ಸಂಘದ್ದು. ಅದರಲ್ಲಿ ಶೇ. 11.

"ನೀನು ಇಪ್ಪತ್ತಾರು ವರ್ಷ ಸಾಲದ ವಿಭಾಗದಲ್ಲೇ ಕೂತಿದ್ದವನು. ಹೇಳು, ಇವರು ಹನ್ನೊಂದು ಕೊಡ್ತಾರೆ ಅಂದ್ರೆ ನಿಮ್ಮೋರಿಗೆ ಏನಾಗಿದೆ?"

ನಮ್ಮೋರು ಅಂದರೆ ಬೆಂಗಳೂರಿನ ಹಳೇ ಪಟ್ಟಣ ಸಹಕಾರ ಬ್ಯಾಂಕಿನವರು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ರಾಜಾಜಿನಗರ, ಎಲ್ಲಿ ಹೋದರೂ ಇಂಥದ್ದೊಂದು ಸಿಗುತ್ತದೆ. ಕೆಳಗೆ ಔಷಧಿ ಅಂಗಡಿ, ಮೇಲೆ ಬ್ಯಾಂಕು. ಠೇವಣಿ ಇಡಲು ಹೋದರೆ ಕೂರಿಸಿ ಮಾತಾಡಿಸುತ್ತಾರೆ. ಸಾಲ ಕೇಳಲು ಹೋದರೆ ಅದೇ ಜನ ಪೊಲೀಸರ ಥರ ಪ್ರಶ್ನೆ ಕೇಳುತ್ತಾರೆ. ಬಡ್ಡಿ ಕಮ್ಮಿ, ಪ್ರಶ್ನೆ ಜಾಸ್ತಿ. ಈ ಎರಡಕ್ಕೂ ಇರೋದು ಒಂದೇ ಕಾರಣ. ಅದು ಅರ್ಥವಾಗಬೇಕಾದರೆ ಮೊದಲು ನೂರು ರೂಪಾಯಿಯ ಹಿಂದೆ ಹೋಗಬೇಕು.

ಅತ್ತಿಗೆ ನೂರು ರೂಪಾಯಿ ಠೇವಣಿ ಇಟ್ಟರು ಅಂದುಕೊಳ್ಳಿ. ಅಷ್ಟನ್ನೂ ಬ್ಯಾಂಕು ಸಾಲ ಕೊಡುವಂತಿಲ್ಲ. ಮೊದಲು ರಿಸರ್ವ್ ಬ್ಯಾಂಕಿಗೆ ನಗದು ಮೀಸಲು. ಅದು 4 ರೂಪಾಯಿ ಇತ್ತು, 2025ರ ಕೊನೆಯ ಹೊತ್ತಿಗೆ 3ಕ್ಕೆ ಇಳಿಯಿತು. ಆ ಹಣಕ್ಕೆ ಬಿಡಿಗಾಸು ಬಡ್ಡಿಯೂ ಬರುವುದಿಲ್ಲ. ಆಮೇಲೆ ಕನಿಷ್ಠ 18 ರೂಪಾಯಿಯನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು. ಎಚ್ಚರದ ಬ್ಯಾಂಕುಗಳು 18ಕ್ಕೇ ನಿಲ್ಲುವುದಿಲ್ಲ, ಇನ್ನೊಂದಿಷ್ಟು ಸೇರಿಸಿಯೇ ಇಡುತ್ತವೆ. 24 ಅನ್ನೋಣ. ಒಂದು 10 ರೂಪಾಯಿ ಬೇರೆ ಬ್ಯಾಂಕುಗಳಲ್ಲಿ ಠೇವಣಿಯಾಗಿ, ಸ್ವಲ್ಪ ಕೌಂಟರಿನಲ್ಲಿ ನಗದಾಗಿ. ಯಾರಾದರೂ ಮಗಳ ಮದುವೆ ಅಂತ ಬಂದು ಕೇಳಿದಾಗ "ನಾಳೆ ಬನ್ನಿ" ಅನ್ನುವಂತಾಗಬಾರದು. ಉಳಿದದ್ದು 63. ಸಾಲಕ್ಕೆ ಹೋಗೋದು ಅಷ್ಟೇ.

ಈಗ ಲೆಕ್ಕ ಹಾಕೋಣ. ಇದು ಉದಾಹರಣೆ ಲೆಕ್ಕ, ಯಾವುದೇ ಒಂದು ಬ್ಯಾಂಕಿನದ್ದಲ್ಲ. 63 ರೂಪಾಯಿ ಸಾಲಕ್ಕೆ ಶೇ. 10.5ರಂತೆ ವರ್ಷಕ್ಕೆ 6 ರೂಪಾಯಿ 60 ಪೈಸೆ ಬರುತ್ತದೆ. ಸರ್ಕಾರಿ ಪತ್ರಗಳಿಂದ ಸುಮಾರು 1 ರೂಪಾಯಿ 60 ಪೈಸೆ. ಬೇರೆ ಬ್ಯಾಂಕಿನ ಠೇವಣಿಯಿಂದ ಐವತ್ತು ಪೈಸೆ. ಒಟ್ಟು 8 ರೂಪಾಯಿ 70 ಪೈಸೆ ಒಳಗೆ ಬಂತು. ಇನ್ನು ಹೊರಗೆ ಹೋಗೋದು. ಉಳಿತಾಯ ಖಾತೆಗೆ ಕಮ್ಮಿ ಬಡ್ಡಿ, ನಿಶ್ಚಿತ ಠೇವಣಿಗೆ ಜಾಸ್ತಿ, ಎರಡೂ ಸೇರಿ ಸರಾಸರಿ 6 ರೂಪಾಯಿ. ಸಂಬಳ, ಬಾಡಿಗೆ, ಕರೆಂಟು, ಕಂಪ್ಯೂಟರು, ಠೇವಣಿ ವಿಮೆಯ ಕಂತು, ಎಲ್ಲ ಸೇರಿ ಖರ್ಚು 1 ರೂಪಾಯಿ 70 ಪೈಸೆ. ಕೈಯಲ್ಲಿ ಉಳಿದದ್ದು ಒಂದು ರೂಪಾಯಿ. ಆದಾಯ ತೆರಿಗೆಯನ್ನೂ ಅದರಲ್ಲೇ ಕಟ್ಟಬೇಕು. ಸಹಕಾರಿ ಬ್ಯಾಂಕಿಗೆ ತೆರಿಗೆ ಇಲ್ಲ ಅಂತ ಇನ್ನೂ ಎಷ್ಟೋ ಜನ ಅಂದುಕೊಂಡಿದ್ದಾರೆ. ಆ ವಿನಾಯಿತಿ ಹೋಗಿ ಸುಮಾರು ಇಪ್ಪತ್ತು ವರ್ಷವಾಯಿತು.

ಈ ಒಂದು ರೂಪಾಯಿಯನ್ನು ಹಾಗೇ ನೆನಪಿನಲ್ಲಿಟ್ಟುಕೊಳ್ಳಿ. ಯಾರೋ ಒಬ್ಬರು ಒಂದು ಲಕ್ಷ ಸಾಲ ತೆಗೆದುಕೊಂಡು ಕೈಯೆತ್ತಿದರು ಅಂದರೆ, ಬೇರೆಯವರು ಸರಿಯಾಗಿ ಕಟ್ಟಿದ 63 ಲಕ್ಷ ಸಾಲದ ಇಡೀ ವರ್ಷದ ಉಳಿಕೆ ಹೋಯಿತು. ಬಟ್ಟೆ ಅಂಗಡಿಯಲ್ಲಿ ಒಂದು ಸೀರೆ ಮಾರಾಟವಾಗದೆ ಉಳಿದರೆ ಮುಂದಿನ ನಾಲ್ಕು ಸೀರೆಯಲ್ಲಿ ಆ ನಷ್ಟ ತುಂಬಿಕೊಳ್ಳಬಹುದು. ಬ್ಯಾಂಕಿನಲ್ಲಿ ಆಗೋದಿಲ್ಲ. ಗೆದ್ದರೆ ಒಂದು ರೂಪಾಯಿ, ಸೋತರೆ ನೂರಕ್ಕೆ ನೂರು. ಅದೂ ನಮ್ಮ ದುಡ್ಡಲ್ಲ, ಅತ್ತಿಗೆಯ ದುಡ್ಡು. ಇಂಥ ಆಟದಲ್ಲಿ ಯಾರೇ ಆಗಲಿ ಜಿಪುಣರಾಗುತ್ತಾರೆ, ಅಲ್ವಾ?

ಸಹಕಾರ ಬ್ಯಾಂಕಿಗೆ ಜಿಪುಣತನ ಇನ್ನೂ ಸಲೀಸಾಗಿ ಒಗ್ಗುತ್ತದೆ. ಅದು ಬ್ಯಾಂಕು ಕಟ್ಟಿದ ರೀತಿಯಲ್ಲೇ ಇದೆ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘವನ್ನು ದೇಶದ ಮೊದಲನೆಯದು ಅನ್ನುತ್ತಾರೆ. ಅದರ ಹಿಂದಿನ ವರ್ಷವಷ್ಟೇ, 1904ರಲ್ಲಿ, ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದಿತ್ತು. ಅಂದಿನಿಂದ ನಿಯಮ ಒಂದೇ: ಒಬ್ಬ ಸದಸ್ಯನಿಗೆ ಒಂದೇ ವೋಟು. ಹತ್ತು ಷೇರು ಇದ್ದವರಿಗೂ ಒಂದು, ಹತ್ತು ಸಾವಿರ ಷೇರು ಇದ್ದವರಿಗೂ ಒಂದು. ಆ ಷೇರು ಪೇಟೆಯಲ್ಲಿ ಮಾರಾಟವಾಗುವುದಿಲ್ಲ, ಅದರ ಬೆಲೆ ಏರುವುದೂ ಇಲ್ಲ. ವಾಪಸ್ ಕೊಟ್ಟರೆ ಮುಖಬೆಲೆಯಷ್ಟೇ ಸಿಗುತ್ತದೆ. ಹಾಗಾಗಿ "ಈ ವರ್ಷ ವ್ಯವಹಾರ ದುಪ್ಪಟ್ಟಾಗಬೇಕು, ಷೇರಿನ ಬೆಲೆ ಏರಬೇಕು" ಅಂತ ಬೆನ್ನ ಹಿಂದೆ ನಿಂತು ಒತ್ತಾಯ ಮಾಡುವವರೇ ಇಲ್ಲ. ಸಾಲಗಾರರೂ ಷೇರು ಕೊಳ್ಳಬೇಕು. ಭದ್ರತೆ ಇರುವ ಸಾಲಕ್ಕೆ ಮೊತ್ತದ ಶೇ. 2.5, ಭದ್ರತೆ ಇಲ್ಲದ್ದಕ್ಕೆ ಶೇ. 5, ಇದು ವಾಡಿಕೆ. "ಸಾಲ ಕೊಡಿ ಅಂದ್ರೆ ಷೇರು ಹಿಡಿದುಕೊಳ್ತೀರಲ್ಲ ಸಾರ್" ಅಂತ ಬೈದವರು ಬೇಕಾದಷ್ಟು ಜನ.

ಮೇಲೆ ಯಜಮಾನರು ಇಬ್ಬರು. ಸಂಘವಾಗಿ ನೋಂದಣಿ ರಾಜ್ಯದ ಸಹಕಾರ ಸಂಘಗಳ ನಿಬಂಧಕರ ಕೈಯಲ್ಲಿ. ಬ್ಯಾಂಕಾಗಿ ನಡೆಯುವುದು ರಿಸರ್ವ್ ಬ್ಯಾಂಕಿನ ಕೈಯಲ್ಲಿ, ಅದು 1966ರಿಂದ. 2020ರ ತಿದ್ದುಪಡಿಯಲ್ಲಿ ರಿಸರ್ವ್ ಬ್ಯಾಂಕಿನ ಹಿಡಿತ ಇನ್ನಷ್ಟು ಬಿಗಿಯಾಯಿತು.

ಸರಿ, ಈಗ ಆ ಪ್ರಶ್ನೆಗಳ ವಿಷಯ.

ಒಬ್ಬ ದರ್ಶಿನಿ ಮಾಲೀಕರು ಬಂದಿದ್ದರು. ಒಂದು ಹೋಟೆಲು ಆರು ವರ್ಷದಿಂದ ಚೆನ್ನಾಗಿ ನಡೆಯುತ್ತಿತ್ತು. ಎರಡನೆಯದು ತೆರೆಯಬೇಕು, 40 ಲಕ್ಷ ಬೇಕು ಅಂದರು. ಬೇರೆ ದೊಡ್ಡ ಬ್ಯಾಂಕುಗಳಾದರೆ ಕಂಪ್ಯೂಟರಿಗೆ ಜಿಎಸ್‌ಟಿ ರಿಟರ್ನ್ಸ್, ಹಳೇ ಸಾಲ ಹೇಗೆ ಕಟ್ಟಿದ್ದಾರೆ ಅಂತ ತೋರಿಸುವ ಸಿಬಿಲ್ ಸ್ಕೋರು ತುಂಬಿ ಉತ್ತರ ಕೇಳುತ್ತವೆ. ಅವನ್ನು ನಾವೂ ನೋಡುತ್ತೇವೆ. ಆದರೆ ನಮ್ಮ ಮ್ಯಾನೇಜರು ಮಾಡಿದ್ದು ಬೇರೆ. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ನನ್ನನ್ನು ಕರೆದುಕೊಂಡು ಆ ಹೋಟೆಲಿನ ಎದುರು ನಿಂತರು. ಕಾಫಿ ಕುಡಿದೆವು. ಇನ್ನೊಂದು ಕುಡಿದೆವು. ಅವರು ಸುಮ್ನೆ ಕ್ಯಾಷ್ ಕೌಂಟರಿನ ಕ್ಯೂ ನೋಡುತ್ತಿದ್ದರು.

ಮಾಲೀಕರು ಅರ್ಜಿಯಲ್ಲಿ ದಿನಕ್ಕೆ 800 ಕಾಫಿ, ಟೀ ಅಂತ ಬರೆದಿದ್ದರು. ಮ್ಯಾನೇಜರು ಕೇಳಿದ್ದು ಮೂರು ತಿಂಗಳ ನಂದಿನಿ ಹಾಲಿನ ಬಿಲ್ಲು. ದಿನಕ್ಕೆ 40 ಲೀಟರ್ ಬರುತ್ತಿತ್ತು. ಒಂದು ಲೀಟರಿಗೆ 12 ಲೋಟ ಅಂತ ಹಿಡಿದರೂ 480. ಆಮೇಲೆ 19 ಕೆಜಿ ಸಿಲಿಂಡರು ವಾರಕ್ಕೆಷ್ಟು, ಇಡ್ಲಿ ಅಕ್ಕಿ ತಿಂಗಳಿಗೆಷ್ಟು ಮೂಟೆ. ಕಾಗದ ಏನು ಬೇಕಾದರೂ ಹೇಳುತ್ತದೆ, ಹಾಲು ಸುಳ್ಳು ಹೇಳುವುದಿಲ್ಲ ಅನ್ನೋದು ಅವರ ಮಾತು. ಮಾಲೀಕರು ಮೋಸಗಾರರೇನೂ ಅಲ್ಲ. ತಮ್ಮ ಅಂಗಡಿಯ ಮೇಲೆ ಪ್ರೀತಿ ಇದ್ದವರು ಎಲ್ಲವನ್ನೂ ಒಂದೂವರೆ ಪಟ್ಟು ಕಾಣುತ್ತಾರೆ, ಅಷ್ಟೇ.

ಎಲ್ಲ ಕೂಡಿ ಕಳೆದಾಗ ಹೋಟೆಲಿನಿಂದ ತಿಂಗಳಿಗೆ ಅವರ ಕೈಗೆ 90 ಸಾವಿರ ಬರುತ್ತಿತ್ತು. ಮನೆ ಖರ್ಚು, ಮಕ್ಕಳ ಫೀಸು 40 ಸಾವಿರ. ಉಳಿದದ್ದು 50 ಸಾವಿರ. 40 ಲಕ್ಷಕ್ಕೆ ಶೇ. 11ರಂತೆ ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 68,500. ಅವರ ವಾದ, ಹೊಸ ಹೋಟೆಲೂ ದುಡಿಯುತ್ತದಲ್ಲ ಅಂತ. ಎಚ್ಚರದ ಬ್ಯಾಂಕು ಎಡವುವುದೂ ನಿಲ್ಲುವುದೂ ಈ ಜಾಗದಲ್ಲೇ. ನಮ್ಮ ಲೆಕ್ಕ ಹೀಗಿತ್ತು: ಹೊಸ ಹೋಟೆಲು ಆರು ತಿಂಗಳು ಒಂದು ರೂಪಾಯಿ ದುಡಿಯದಿದ್ದರೂ ಹಳೇ ಹೋಟೆಲಿನ ಉಳಿಕೆಯಲ್ಲೇ ಕಂತು ಕಟ್ಟಲು ಆಗಬೇಕು. ಹಾಗೆ ನೋಡಿದರೆ 22 ಲಕ್ಷ. ಅದರ ಕಂತು 37,700ರ ಆಸುಪಾಸು. ತಿಂಗಳಿಗೆ 12 ಸಾವಿರ ಉಸಿರಾಡಲು ಜಾಗ ಇರುತ್ತದೆ.

ಗಮನಿಸಿ, ಇಲ್ಲಿಯವರೆಗೆ ಅಡಮಾನದ ಮಾತೇ ಬಂದಿಲ್ಲ. ಅವರ ಹತ್ತಿರ ಒಂದು ಕೋಟಿ ಬೆಲೆಯ ಮನೆ ಇತ್ತು. "ಮನೆ ಇದೆಯಲ್ಲ ಸಾರ್, ಇನ್ನೇನು ಭಯ?" ಅಂತ ಅವರು ಹತ್ತು ಸಲ ಕೇಳಿದರು. ಹೊರಗಿನವರಿಗೆ ಬ್ಯಾಂಕು ಅಂದರೆ ಅಡಮಾನ. ಒಳಗಿದ್ದವರಿಗೆ ಗೊತ್ತು, ಸಾಲ ತೀರುವುದು ಗಲ್ಲಾಪೆಟ್ಟಿಗೆಯಿಂದ, ಮನೆಯಿಂದ ಅಲ್ಲ. ಮನೆ ಹರಾಜು ಹಾಕುವ ಹೊತ್ತಿಗೆ ಬ್ಯಾಂಕೂ ಅರ್ಧ ಸೋತಿರುತ್ತದೆ. ನೋಟಿಸು, ಕೋರ್ಟು, ತಡೆಯಾಜ್ಞೆ ಅಂತ ವರ್ಷಗಳು ಹೋಗುತ್ತವೆ. ಅಷ್ಟರಲ್ಲಿ ಆ ಬೀದಿಯಲ್ಲಿ ಯಾರೂ ಆ ಮನೆಗೆ ಸರಿಯಾದ ಬೆಲೆ ಕೂಗುವುದಿಲ್ಲ, ಯಾಕೆಂದರೆ ಯಾರದ್ದು, ಯಾಕೆ ಹೋಯಿತು ಅಂತ ಎಲ್ಲರಿಗೂ ಗೊತ್ತು.

ಹಾಗಂತ ಅಡಮಾನ ಬಿಡುತ್ತೇವೆಯೇ? ಇಲ್ಲ. ಬೆಂಗಳೂರಿನಲ್ಲಿ ಅದು ಒಂದು ದೊಡ್ಡ ರಾಮಾಯಣ. ತಾಯಿ ಪತ್ರ, ಅಂದರೆ ಜಾಗದ ಮೂಲ ಹಕ್ಕುಪತ್ರದಿಂದ ಹಿಡಿದು ಇವತ್ತಿನವರೆಗೆ ಜಾಗ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಸರಪಳಿ ಎಲ್ಲೂ ಕಡಿದಿರಬಾರದು. ಋಣಭಾರ ಪತ್ರ, ಅಂದರೆ ಇಸಿ, ಹಲವು ವರ್ಷಗಳದ್ದು ಬೇಕು. ನಕ್ಷೆ ಮಂಜೂರಾಗಿರಬೇಕು, ಕಟ್ಟಿದ್ದು ನಕ್ಷೆಯ ಹತ್ತಿರವಾದರೂ ಇರಬೇಕು. ಎ ಖಾತಾ, ಬಿ ಖಾತಾ ಅನ್ನೋದು ಇನ್ನೊಂದು ಕಥೆ. ಜನ ಖಾತಾ ತೋರಿಸಿ "ನೋಡಿ, ನನ್ನ ಹೆಸರಿಗಿದೆ" ಅನ್ನುತ್ತಾರೆ. ಖಾತಾ ಹೇಳೋದು ತೆರಿಗೆ ಯಾರ ಹೆಸರಲ್ಲಿ ಕಟ್ಟಬೇಕು ಅಂತ ಮಾತ್ರ. ಮಾಲೀಕತ್ವಕ್ಕೆ ಕ್ರಯಪತ್ರವೇ ಬೇಕು. ಇದನ್ನೆಲ್ಲ ಬ್ಯಾಂಕಿನ ವಕೀಲರು ನೋಡಿ ಅಭಿಪ್ರಾಯ ಬರೆಯುತ್ತಾರೆ, ಎಂಜಿನಿಯರು ಬೆಲೆ ಕಟ್ಟುತ್ತಾರೆ. ಆಮೇಲೂ ಮ್ಯಾನೇಜರು ಒಂದು ಸಲ ಹೋಗಿ ಪಕ್ಕದ ಮನೆಯವರನ್ನು ಮಾತಾಡಿಸಿ ಬರಬೇಕು. ಅಣ್ಣತಮ್ಮಂದಿರ ವ್ಯಾಜ್ಯ ಯಾವ ಇಸಿಯಲ್ಲೂ ಇರುವುದಿಲ್ಲ. ಪಕ್ಕದ ಮನೆಯವರ ಬಾಯಲ್ಲಿ ಇರುತ್ತದೆ.

ಒಂದೇ ಸೈಟಿನ ಪತ್ರವನ್ನು ಕಲರ್ ಜೆರಾಕ್ಸ್ ಮಾಡಿಸಿ ಎರಡು ಮೂರು ಕಡೆ ಇಟ್ಟು ಸಾಲ ಎತ್ತುವ ಕಲೆ ನಮ್ಮೂರಿನಲ್ಲಿ ಚೆನ್ನಾಗಿ ಬೆಳೆದಿತ್ತು. ಅದಕ್ಕೇ ಈಗ ಹಕ್ಕುಪತ್ರ ಇಟ್ಟುಕೊಂಡದ್ದನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುತ್ತೇವೆ, ಇಸಿಯಲ್ಲಿ ಕಾಣಲಿ ಅಂತ. ಸೆರ್ಸಾಯ್ ಅನ್ನುವ ಕೇಂದ್ರ ದಾಖಲೆಯಲ್ಲೂ ಹಾಕಬೇಕು. ಅದು 2011ರಲ್ಲಿ ಶುರುವಾಯಿತು. ಒಂದು ಜಾಗದ ಮೇಲೆ ಬೇರೆ ಯಾವ ಬ್ಯಾಂಕಿನ ಸಾಲ ಇದೆ ಅಂತ ಅಲ್ಲಿ ಹುಡುಕಬಹುದು.

ಜಾಮೀನಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಸಣ್ಣ ಸಾಲಕ್ಕೆ ಇಬ್ಬರು ಜಾಮೀನುದಾರರು. "ಸುಮ್ನೆ ಒಂದು ಸೈನ್ ಹಾಕು ಮಾರಾಯ" ಅಂತ ಸ್ನೇಹಿತನನ್ನು ಕರೆತರುತ್ತಾರೆ. ಕಾನೂನಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದ್ದೂ ಅಷ್ಟೇ. ಮೊದಲು ಸಾಲಗಾರನ ಹಿಂದೆ ಹೋಗಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ಹಾಗಿಲ್ಲ. ಇಲ್ಲಿ ನಾನೊಂದು ಸಲ ಚೆನ್ನಾಗಿ ಏಮಾರಿದ್ದೇನೆ. ಒಂದೇ ಕಾರ್ಖಾನೆಯ ಮೂವರು, ಮೂರು ಬೇರೆ ಬೇರೆ ತಿಂಗಳು ಬಂದು ಸಾಲ ತೆಗೆದುಕೊಂಡರು. ಮೊದಲನೆಯವನಿಗೆ ಎರಡನೆಯವನು ಜಾಮೀನು. ಎರಡನೆಯವನಿಗೆ ಮೂರನೆಯವನು. ಮೂರನೆಯವನಿಗೆ ಮೊದಲನೆಯವನು. ಮೂರು ಕಡತವೂ ನನ್ನ ಮೇಜಿನ ಮೇಲೇ ಹೋದವು. ಒಂದೊಂದಾಗಿ ನೋಡಿದಾಗ ಎಲ್ಲ ಸರಿಯಾಗಿತ್ತು. ಕಾರ್ಖಾನೆ ಮುಚ್ಚಿದ ದಿನ ಮೂವರೂ ಒಟ್ಟಿಗೆ ಹೋದರು. ಆಮೇಲಿನಿಂದ ಜಾಮೀನುದಾರರ ಹೆಸರಿಗೇ ಒಂದು ಬೇರೆ ರಿಜಿಸ್ಟರ್ ಇಟ್ಟೆವು. ಒಬ್ಬರು ಎಷ್ಟು ಜನಕ್ಕೆ ಸೈನ್ ಹಾಕಿದ್ದಾರೆ, ಅವರು ದುಡಿಯುವ ಜಾಗ ಯಾವುದು ಅಂತ.

ಚಿನ್ನದ ಸಾಲ ಇವೆಲ್ಲಕ್ಕಿಂತ ಸಲೀಸು. ಅದಕ್ಕೇ ಎಲ್ಲ ಸಹಕಾರ ಬ್ಯಾಂಕಿಗೂ ಅದು ಇಷ್ಟ. ಒಬ್ಬ ಹೆಂಗಸು 48 ಗ್ರಾಂ ತೂಗುವ ಹಾರ ತಂದರು ಅನ್ನಿ. ಬ್ಯಾಂಕಿನ ಅಕ್ಕಸಾಲಿಗರು ಮೊದಲು ಒರೆಗಲ್ಲಿನ ಮೇಲೆ ಉಜ್ಜುತ್ತಾರೆ. ಗೀಟಿನ ಮೇಲೆ ಒಂದು ಹನಿ ಆಮ್ಲ ಬಿಡುತ್ತಾರೆ. ಬಣ್ಣ ನೋಡಿ 20 ಕ್ಯಾರೆಟ್ ಅನ್ನುತ್ತಾರೆ. ಕಲ್ಲು, ಒಳಗಿನ ಅರಗು ಎಲ್ಲ ಸೇರಿ 6 ಗ್ರಾಂ ತೆಗೆಯುತ್ತಾರೆ. "ಅಯ್ಯೋ, ಅಷ್ಟೊಂದಾ?" ಅನ್ನುತ್ತಾರೆ ಆಕೆ. ಉಳಿದದ್ದು 42 ಗ್ರಾಂ. ಅದನ್ನು 22 ಕ್ಯಾರೆಟ್‌ಗೆ ಇಳಿಸಿದರೆ 38 ಗ್ರಾಂ ಚಿಲ್ಲರೆ. ಗ್ರಾಂಗೆ 9,000 ಅಂತ ಇಟ್ಟುಕೊಂಡರೆ ಬೆಲೆ ಸುಮಾರು 3 ಲಕ್ಷ 43 ಸಾವಿರ. ಈ ಬೆಲೆಯೂ ಇವತ್ತಿನ ಅಂಗಡಿ ದರ ಅಲ್ಲ. ಹಿಂದಿನ 30 ದಿನದ ಸರಾಸರಿ ಮತ್ತು ನಿನ್ನೆಯ ದರ, ಎರಡರಲ್ಲಿ ಯಾವುದು ಕಮ್ಮಿಯೋ ಅದು.

2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಹೊಸ ಮಿತಿ ಹಾಕಿತು. ಸ್ವಂತ ಖರ್ಚಿಗೆ ತೆಗೆದುಕೊಳ್ಳುವ ಚಿನ್ನದ ಸಾಲ ಎರಡೂವರೆ ಲಕ್ಷದ ಒಳಗಾದರೆ ಬೆಲೆಯ ಶೇ. 85ರವರೆಗೆ, 5 ಲಕ್ಷದವರೆಗೆ 80, ಅದಕ್ಕಿಂತ ಜಾಸ್ತಿಯಾದರೆ 75. ನಿಯಮ ಬಿಟ್ಟರೂ ನಮ್ಮಂಥವರು ಅಷ್ಟು ದೂರ ಹೋಗುವುದಿಲ್ಲ. ಶೇ. 70 ಕೊಟ್ಟು, 2 ಲಕ್ಷ 40 ಸಾವಿರಕ್ಕೆ ನಿಲ್ಲುತ್ತೇವೆ. 2013ರ ಏಪ್ರಿಲ್‌ನಲ್ಲಿ ಚಿನ್ನದ ಬೆಲೆ ಎರಡೇ ದಿನದ ವಹಿವಾಟಿನಲ್ಲಿ ದಡ್ ಅಂತ ಬಿದ್ದದ್ದನ್ನು ಕೌಂಟರಿನಲ್ಲಿ ಕೂತು ನೋಡಿದವರಿಗೆ ಆ 30 ರೂಪಾಯಿ ಅಂತರದ ಬೆಲೆ ಗೊತ್ತು. ಹಾರವನ್ನು ಆಕೆಯ ಎದುರೇ ಚೀಲಕ್ಕೆ ಹಾಕಿ ಸೀಲು ಮಾಡುತ್ತೇವೆ. ಭದ್ರತಾ ಕೋಣೆಗೆ ಎರಡು ಕೀಲಿ, ಒಂದು ಮ್ಯಾನೇಜರ ಹತ್ತಿರ, ಒಂದು ಕ್ಯಾಷಿಯರ್ ಹತ್ತಿರ. ಒಬ್ಬರೇ ತೆಗೆಯಲು ಆಗುವುದಿಲ್ಲ. ಸಾಲ ತೀರಿದ ಮೇಲೆ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು ಅಂತಲೂ ಆ ಹೊಸ ನಿಯಮದಲ್ಲಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಒಂದೊಂದು ಸಾಲದ ಮಾತಾಯಿತು. ಆದರೆ ಬ್ಯಾಂಕುಗಳು ಮುಳುಗೋದು ಸಣ್ಣ ಸಾಲಗಾರರಿಂದ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಪಿಎಂಸಿ ಅನ್ನುವ ಸಹಕಾರ ಬ್ಯಾಂಕಿನ ಬಾಗಿಲಲ್ಲಿ ಜನ ಅಳುತ್ತಾ ನಿಂತದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಮೊದಲ ದಿನ ಒಬ್ಬರಿಗೆ 1,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟರು. ಆ ಬ್ಯಾಂಕು ಕೊಟ್ಟ ಸಾಲದಲ್ಲಿ ಶೇ. 70ಕ್ಕೂ ಹೆಚ್ಚು ಒಂದೇ ರಿಯಲ್ ಎಸ್ಟೇಟ್ ಗುಂಪಿಗೆ ಹೋಗಿತ್ತು. ಅದನ್ನು ಮುಚ್ಚಿಡಲು ಸಾವಿರಾರು ಸುಳ್ಳು ಖಾತೆ ಬರೆದಿದ್ದರು. ನಾಲ್ಕು ತಿಂಗಳು ಕಳೆಯುವುದರೊಳಗೆ, 2020ರ ಜನವರಿಯಲ್ಲಿ, ನಮ್ಮ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನ ಮೇಲೂ ನಿರ್ಬಂಧ ಬಿತ್ತು. ಅಲ್ಲಿ ಮಿತಿ 35,000. ಆ ವಾರ ನಮ್ಮ ಬ್ಯಾಂಕಿನ ಮುಂದೆಯೂ ಕ್ಯೂ ಇತ್ತು. ನಮ್ಮದಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೂ ಜನ ಬಂದರು. ಕೇಳಿದವರಿಗೆಲ್ಲ ಮರುಮಾತಿಲ್ಲದೆ ಕೊಟ್ಟೆವು. ಮೂರನೇ ದಿನ ಕ್ಯೂ ಕರಗಿತು, ಒಂದಿಷ್ಟು ಜನ ವಾಪಸ್ ತಂದು ಇಟ್ಟರು. ಬೇರೆ ಬ್ಯಾಂಕಿನಲ್ಲಿ ಸುಮ್ನೆ ಮಲಗಿದೆ ಅನ್ನಿಸುತ್ತಿದ್ದ ಆ 10 ರೂಪಾಯಿ ಇಂಥ ವಾರಕ್ಕೇ ಇರೋದು.

ಪಿಎಂಸಿ ಆದಮೇಲೆ ನಿಯಮ ಬಿಗಿಯಾಯಿತು. ಈಗ ಒಬ್ಬ ಸಾಲಗಾರನಿಗೆ ಬ್ಯಾಂಕಿನ ಮೂಲ ಬಂಡವಾಳದ ಶೇ. 15ಕ್ಕಿಂತ, ಒಂದು ಗುಂಪಿಗೆ ಶೇ. 25ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಒಟ್ಟು ಸಾಲದಲ್ಲಿ ಕನಿಷ್ಠ ಅರ್ಧ ಸಣ್ಣ ಸಾಲಗಳೇ ಆಗಿರಬೇಕು. ನಿರ್ದೇಶಕರಿಗೆ, ಅವರ ನೆಂಟರಿಗೆ ಸಾಲ ಕೊಡುವುದಕ್ಕೆ 2003ರಿಂದಲೇ ತಡೆ ಇದೆ. ಅವರದೇ ಠೇವಣಿ ಅಥವಾ ವಿಮೆ ಪಾಲಿಸಿ ಮೇಲಿನ ಸಾಲದಂಥ ಒಂದೆರಡು ವಿನಾಯಿತಿ ಬಿಟ್ಟರೆ ಬೇರೇನಿಲ್ಲ.

ಠೇವಣಿಯಲ್ಲೂ ಇದೇ ಬುದ್ಧಿ ಬೇಕು. ಒಂದು ಟ್ರಸ್ಟು 20 ಕೋಟಿ ತಂದು ಇಡುತ್ತೇನೆ ಅಂದರೆ ಹೊಸ ಮ್ಯಾನೇಜರು ಕುಣಿದಾಡುತ್ತಾರೆ, ಹಳಬರು ತಲೆ ಕೆರೆದುಕೊಳ್ಳುತ್ತಾರೆ. ಅಷ್ಟನ್ನೂ ಒಂದೇ ಬೆಳಿಗ್ಗೆ ವಾಪಸ್ ಕೇಳಿದರೆ? ಅದಕ್ಕಿಂತ ಸಾವಿರ ಜನರ ಎರಡೆರಡು ಲಕ್ಷ ಮೇಲು. ಪಿಗ್ಮಿ ಇನ್ನೂ ಮೇಲು. ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಸಂಗ್ರಹಿಸುವ ಈ ಪದ್ಧತಿ 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು. ಪಿಗ್ಮಿ ಏಜೆಂಟು ದಿನಾ ಅಂಗಡಿಗೆ ಹೋಗುತ್ತಾನೆ. ದಿನಾ 200 ಕಟ್ಟುತ್ತಿದ್ದವರು 50ಕ್ಕೆ ಇಳಿದರೆ, ಅವರ ಸಾಲದ ಕಂತು ತಪ್ಪುವುದಕ್ಕೆ ಎರಡು ತಿಂಗಳು ಮುಂಚೆಯೇ ಅವನಿಗೆ ಗೊತ್ತಾಗುತ್ತದೆ. ಯಾವ ಸಾಫ್ಟ್‌ವೇರೂ ಅಷ್ಟು ಬೇಗ ಹೇಳುವುದನ್ನು ನಾನು ನೋಡಿಲ್ಲ.

ಕಂತು ತಪ್ಪಿದರೆ ಏನಾಗುತ್ತದೆ? ಮೊದಲ 30 ದಿನ ಒಂದು ಪಟ್ಟಿ, 60ರವರೆಗೆ ಇನ್ನೊಂದು, 90ರವರೆಗೆ ಮತ್ತೊಂದು. 90 ದಿನ ದಾಟಿತು ಅಂದರೆ ಎನ್‌ಪಿಎ, ಅನುತ್ಪಾದಕ ಸಾಲ. ಅಲ್ಲಿಂದ ಮುಂದೆ ಬಡ್ಡಿ ಕೈಗೆ ಬಂದರೆ ಮಾತ್ರ ಆದಾಯ, ಪುಸ್ತಕದಲ್ಲಿ ಬರೆದುಕೊಂಡು ಖುಷಿಪಡುವಂತಿಲ್ಲ. ಜೊತೆಗೆ ಲಾಭದಿಂದ ಹಣ ತೆಗೆದು ಪಕ್ಕಕ್ಕಿಡಬೇಕು. ಹತ್ತು ಲಕ್ಷದ ಸಾಲಕ್ಕೆ ಮೊದಲ ವರ್ಷ ಒಂದು ಲಕ್ಷ. ಆಮೇಲೆ ಅದು ಸಂಶಯದ ಸಾಲ. ಅಡಮಾನ ಪೂರ್ತಿ ಇದ್ದರೂ ಎರಡು ಲಕ್ಷ, ಮುಂದೆ ಮೂರು, ಸಂಶಯಕ್ಕೆ ಬಿದ್ದು ಮೂರು ವರ್ಷ ಕಳೆದರೆ ಹತ್ತಕ್ಕೆ ಹತ್ತೂ. ನೂರಕ್ಕೆ ಒಂದು ರೂಪಾಯಿ ಉಳಿಸುವವರಿಗೆ ಇದು ಎಂಥ ಹೊಡೆತ ಅಂತ ಈಗ ಗೊತ್ತಾಗುತ್ತದೆ. ಹಾಗಾಗಿಯೇ ಕೆಲವು ಕಡೆ ಹಳೇ ಸಾಲ ತೀರಿಸಲು ಹೊಸ ಸಾಲ ಕೊಟ್ಟು ಎಲ್ಲ ಚೆನ್ನಾಗಿದೆ ಅಂತ ತೋರಿಸುವ ಆಸೆ ಹುಟ್ಟುತ್ತದೆ. ಆ ಚಟ ಹತ್ತಿದ ಬ್ಯಾಂಕು ಉಳಿಯುವುದು ಕಷ್ಟ.

ನಮ್ಮಲ್ಲಿ ಕಂತು ತಪ್ಪಿದ ಐದನೇ ದಿನಕ್ಕೇ ಫೋನು. ಬೆದರಿಕೆ ಅಲ್ಲ, "ಏನಾದ್ರೂ ತೊಂದ್ರೆನಾ?" ಅಂತ. ಹತ್ತರಲ್ಲಿ ಏಳು ಜನ ಅಷ್ಟಕ್ಕೇ ಕಟ್ಟಿಬಿಡುತ್ತಿದ್ದರು. ಉಳಿದವರಲ್ಲಿ ಕಷ್ಟದಲ್ಲಿರುವವರು ಯಾರು, ಮನಸ್ಸಿಲ್ಲದವರು ಯಾರು ಅಂತ ಬೇರೆ ಮಾಡಬೇಕು. ಮೊದಲನೆಯವರಿಗೆ ಅವಧಿ ಹೆಚ್ಚಿಸುವ ದಾರಿ ಇದೆ. ಎರಡನೆಯವರಿಗೆ ನೋಟಿಸು. ಸಹಕಾರ ಕಾಯ್ದೆಯಡಿ ದಾವೆ ಹೂಡಬಹುದು. ಇಲ್ಲವೇ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು ಕೊಟ್ಟು ಆಸ್ತಿ ವಶಕ್ಕೆ ತೆಗೆದುಕೊಳ್ಳಬಹುದು. ಸಹಕಾರ ಬ್ಯಾಂಕುಗಳಿಗೆ ಆ ಅಧಿಕಾರ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಕೃಷಿ ಜಮೀನು ಮಾತ್ರ ಅದರ ಹೊರಗೆ.

ಇಷ್ಟು ಹೇಳಿದ ಮೇಲೆ ನಮ್ಮ ಹುಳುಕನ್ನೂ ಹೇಳಬೇಕು. ಊರಿನ ಬ್ಯಾಂಕು ಊರಿನ ಜೊತೆಗೇ ಏಳುತ್ತದೆ, ಬೀಳುತ್ತದೆ. ಮೆಟ್ರೊ ಕೆಲಸಕ್ಕೆ ಒಂದು ರಸ್ತೆ ನಾಲ್ಕು ವರ್ಷ ಅಗೆದರೆ ಆ ರಸ್ತೆಯ ಅಂಗಡಿಯವರೆಲ್ಲ ಒಟ್ಟಿಗೆ ಕಂತು ತಪ್ಪಿಸುತ್ತಾರೆ. ಐವತ್ತು ಜನಕ್ಕೆ ಹಂಚಿ ಕೊಟ್ಟಿದ್ದೇವೆ ಅಂದುಕೊಂಡದ್ದು ಒಂದೇ ಸಾಲವಾಗಿಬಿಡುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಗೊತ್ತಿದ್ದವರಿಗೆ ಕೊಡುವ ಬ್ಯಾಂಕಿಗೆ ಗೊತ್ತಿಲ್ಲದವರು ಕಾಣುವುದೇ ಇಲ್ಲ. ಬಾಡಿಗೆ ಮನೆಯಲ್ಲಿರುವವರು, ಬೇರೆ ಜಿಲ್ಲೆಯಿಂದ ಬಂದು ಎರಡು ವರ್ಷವಾದವರು, ಹೆಸರಿಗೆ ಆಸ್ತಿ ಇಲ್ಲದ ಹೆಣ್ಣುಮಕ್ಕಳು. ಇವರ ಎಷ್ಟು ಅರ್ಜಿ ನಾನೇ ವಾಪಸ್ ಕಳಿಸಿದ್ದೇನೋ. ಅವರಲ್ಲಿ ಎಷ್ಟು ಜನ ಬೇರೆ ಕಡೆ ತೆಗೆದುಕೊಂಡು ಚೆನ್ನಾಗಿ ತೀರಿಸಿದರು ಅನ್ನೋದು ನಮ್ಮ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಆ ದರ್ಶಿನಿ ಮಾಲೀಕರೂ ನಮ್ಮ 22 ಲಕ್ಷ ಬೇಡ ಅಂತ ಎದ್ದುಹೋಗಿ ಬೇರೆ ಕಡೆ 40 ತೆಗೆದುಕೊಂಡರು. ಈಗ ಮೂರು ಹೋಟೆಲಿದೆ. ಹೋದರೆ ಕಾಫಿಗೆ ದುಡ್ಡು ತೆಗೆದುಕೊಳ್ಳೋದಿಲ್ಲ. "ಎಷ್ಟು ಲೀಟರ್ ಅಂತ ಕೇಳಲ್ವಾ ಸಾರ್?" ಅಂತ ಎಲ್ಲರ ಎದುರು ಕೇಳದೆ ಬಿಡೋದೂ ಇಲ್ಲ.

ಅತ್ತಿಗೆಗೆ ಇದರಲ್ಲಿ ಅರ್ಧ ಹೇಳುವಷ್ಟರಲ್ಲಿ ಎರಡನೇ ಸಲ ಟೀ ಆಯಿತು. ಕೊನೆಗೆ ಆ ಕರಪತ್ರ ತೆಗೆದುಕೊಂಡೆ. ಠೇವಣಿಗೇ ಹನ್ನೊಂದು ಕೊಡುವವರು ಸಾಲಕ್ಕೆ ಹದಿನೈದಾದರೂ ಹಾಕಬೇಕು. ನಮ್ಮಲ್ಲಿ ಹತ್ತೂವರೆಗೆ ಸಿಗುವ ಸಾಲವನ್ನು ಬಿಟ್ಟು ಅಲ್ಲಿ ಹದಿನೈದಕ್ಕೆ ಯಾರು ತೆಗೆದುಕೊಳ್ಳುತ್ತಾರೆ? ನಾವು ಕೊಡದೆ ವಾಪಸ್ ಕಳಿಸಿದವರು. ಅವರಲ್ಲಿ ಒಳ್ಳೆಯವರೂ ಇರಬಹುದು, ಆದರೆ ಆ ಲೆಕ್ಕ ಅತ್ತಿಗೆಯ ನಿವೃತ್ತಿ ಹಣದ ಮೇಲೆ ಮಾಡಬೇಕಾದ್ದಲ್ಲ.

ಆಮೇಲೆ ಹೆಸರು ನೋಡಿದೆ. ಎಲ್ಲೂ "ಬ್ಯಾಂಕ್" ಅಂತ ಇರಲಿಲ್ಲ. ಪತ್ತಿನ ಸಂಘಗಳು ಆ ಪದ ಬಳಸುವಂತಿಲ್ಲ. ಸೌಹಾರ್ದ ಅಂತ ಹೆಸರಿದ್ದವುಗಳಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳೂ ಇವೆ, ಇಲ್ಲದ ಸಂಘಗಳೂ ಇವೆ. ಪರವಾನಗಿ ಇಲ್ಲ ಅಂದರೆ ಠೇವಣಿ ವಿಮೆಯೂ ಇಲ್ಲ. ಬ್ಯಾಂಕಿನಲ್ಲಿ ಆದರೆ ಅಸಲು, ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿವರೆಗೆ ಅದು ಒಂದೇ ಲಕ್ಷ ಇತ್ತು. ಕಂತನ್ನು ಬ್ಯಾಂಕೇ ಕಟ್ಟುತ್ತದೆ. ಬ್ಯಾಂಕಿನ ಮೇಲೆ ಹಣ ತೆಗೆಯದಂತೆ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆ ಹಣ ಕೈಗೆ ಸಿಗಬೇಕು ಅಂತ 2021ರಲ್ಲಿ ಕಾನೂನಾಯಿತು.

"ಅಂದ್ರೆ ನಿಮ್ಮ ಬ್ಯಾಂಕಲ್ಲೂ ಐದೇ ಲಕ್ಷನಾ? ಬೇರೆ ಬೇರೆ ಬ್ರಾಂಚಲ್ಲಿ ಇಟ್ರೆ?"

ಬ್ರಾಂಚು ಎಷ್ಟಿದ್ದರೂ ಬ್ಯಾಂಕು ಒಂದೇ ಅತ್ತಿಗೆ, ಎಲ್ಲ ಸೇರಿಸಿಯೇ ಐದು ಲಕ್ಷ ಅಂದೆ. ಜೊತೆಗೆ, ಮುಂದಿನ ಸಲ ಸರ್ವಸದಸ್ಯರ ಸಭೆಗೆ ಹೋದಾಗ ಕೇಸರಿಬಾತ್ ತಿಂದು ಎದ್ದು ಬರಬೇಡಿ, ವಾರ್ಷಿಕ ವರದಿ ಪುಸ್ತಕ ಮನೆಗೆ ತನ್ನಿ ಅಂದೆ. ಅದರಲ್ಲಿ ಮೂರು ಅಂಕಿ ನೋಡಿದರೆ ಸಾಕು. ನಿವ್ವಳ ಎನ್‌ಪಿಎ, ಅಂದರೆ ಪಕ್ಕಕ್ಕಿಟ್ಟ ಹಣ ಕಳೆದು ಉಳಿದ ಅನುತ್ಪಾದಕ ಸಾಲ, ಶೇ. 3ರ ಒಳಗಿದೆಯೇ? ಬಂಡವಾಳದ ಅನುಪಾತ, ಅಂದರೆ ಅಪಾಯವಿರುವ ಸಾಲಗಳಿಗೆ ಎದುರಾಗಿ ಬ್ಯಾಂಕಿನ ಸ್ವಂತ ಬಂಡವಾಳ, ಎಷ್ಟಿದೆ? ನೂರು ಕೋಟಿಗಿಂತ ಜಾಸ್ತಿ ಠೇವಣಿ ಇರುವ ಬ್ಯಾಂಕುಗಳಿಗೆ 2026ರ ಮಾರ್ಚ್ ಕೊನೆಗೆ ಅದು ಶೇ. 12 ಇರಬೇಕು ಅಂತ ಗಡುವು ಇತ್ತು. ನೂರು ರೂಪಾಯಿ ಠೇವಣಿಗೆ ಸಾಲ ಎಷ್ಟು ಕೊಟ್ಟಿದ್ದಾರೆ? 60, 65 ಇದ್ದರೆ ನಿದ್ದೆ ಬರುತ್ತದೆ, 85 ಆದರೆ ಎದ್ದು ನಿಂತು ಪ್ರಶ್ನೆ ಕೇಳಬಹುದು. ನಿಮ್ಮ ಹತ್ತಿರ ಒಂದು ವೋಟಿದೆ.

ಅತ್ತಿಗೆಗೆ ಅದೆಲ್ಲ ಅಷ್ಟು ರುಚಿಸಲಿಲ್ಲ. "ನಿಮ್ಮಣ್ಣನೂ ನಾನೂ ಜಾಯಿಂಟ್ ಮಾಡಿದ್ರೆ?" ಅಂದರು.

ಒಬ್ಬರೇ ಹೆಸರಿನ ಖಾತೆಗೆ ಒಂದು 5 ಲಕ್ಷ, ಜಂಟಿ ಖಾತೆಗೆ ಬೇರೆ 5 ಲಕ್ಷ, ಅದು ಸರಿ ಅಂದೆ. ಅವರು ಪರ್ಸಿನಿಂದ ಪೆನ್ನು ತೆಗೆದು ಆ ಕರಪತ್ರದ ಹಿಂದುಗಡೆ ಬರೆದುಕೊಂಡರು.